ತಟ್ಟೆ ಬ್ಯಾಂಕ್: ಅಟ್ಟ ಖಾಲಿಯಾಯಿತು, ಸಿಂಕ್ ತುಂಬಿತು

ಮನೆಯಲ್ಲಿ ಸಾಮಾನು ಕಮ್ಮಿ ಮಾಡಬೇಕು ಅಂತ ಹೊರಟವರು ಮೊದಲು ಬಟ್ಟೆ ಬೀರುವಿಗೆ ಕೈ ಹಾಕುತ್ತಾರೆ. ನಾನು ಹಾಕಿದ್ದು ಅಡುಗೆಮನೆಯ ಅಟ್ಟಕ್ಕೆ. ಅಲ್ಲಿದ್ದದ್ದು ನಲವತ್ತೆಂಟು ಸ್ಟೀಲ್ ತಟ್ಟೆ, ಹೆಚ್ಚುಕಮ್ಮಿ ಅಷ್ಟೇ ಲೋಟ, ಯಾರೂ ಎಣಿಸದ ಚಮಚ. ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು ಕೆತ್ತಿಸಿ, ಮದುವೆಯಲ್ಲಿ ಒಬ್ಬರು, ಗೃಹಪ್ರವೇಶದಲ್ಲಿ ಇನ್ನೊಬ್ಬರು ಕೊಟ್ಟವು. ವರಮಹಾಲಕ್ಷ್ಮಿಗೋ ಸತ್ಯನಾರಾಯಣ ಪೂಜೆಗೋ ಒಮ್ಮೆ ಕೆಳಗಿಳಿದರೆ ಮುಗಿಯಿತು. ತಾಯಿ ಮನೆಯ ಹೆಸರಿದ್ದ ಆರನ್ನು ದಿನಬಳಕೆಗೆ ಇಟ್ಟುಕೊಂಡು ಉಳಿದದ್ದನ್ನು ಪಾತ್ರೆ ಅಂಗಡಿಗೆ ತೂಕಕ್ಕೆ ಹಾಕಿದೆ. ಈಗ ಹಬ್ಬ ಬಂದರೆ ನಮ್ಮ ಬಡಾವಣೆಯ ತಟ್ಟೆ ಬ್ಯಾಂಕೇ ಗತಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸ್ಟೀಲ್ ತಟ್ಟೆ, ಲೋಟ, ಚಮಚಗಳನ್ನು ಒಂದು ಕಡೆ ಇಟ್ಟುಕೊಂಡು, ಸಮಾರಂಭ ಇರುವವರಿಗೆ ಕೊಡುತ್ತಾರೆ. ಬೆಂಗಳೂರಿನಲ್ಲಿ ಅದಮ್ಯ ಚೇತನ ಸಂಸ್ಥೆಯವರ ಪ್ಲೇಟ್ ಬ್ಯಾಂಕ್ ಹೆಸರು ಹಲವರು ಕೇಳಿರುತ್ತೀರಿ. ನಾನು ತರುವುದು ಅಲ್ಲಿಂದಲ್ಲ. ನಮ್ಮ ಏರಿಯಾದ ಕೆಲವು ಹೆಂಗಸರೇ ಸೇರಿ ನಡೆಸುವ ಸಣ್ಣ ಬ್ಯಾಂಕ್ ಇದು. ಬಾಡಿಗೆ ಇಲ್ಲ, ಠೇವಣಿ ಇದೆ. ಎಣಿಸಿ ಕೊಡುತ್ತಾರೆ, ಎಣಿಸಿ ತಗೊಳ್ಳುತ್ತಾರೆ. ಕಳೆದದ್ದಕ್ಕೆ ಠೇವಣಿಯಲ್ಲಿ ಮುರಿದುಕೊಳ್ಳುತ್ತಾರೆ. ಮುರಿಯುವುದು ಹೆಚ್ಚಾಗಿ ಚಮಚಕ್ಕೆ. ಬಾಳೆಹಣ್ಣಿನ ಸಿಪ್ಪೆ ಜೊತೆ ಅದೂ ಹಸಿ ಕಸದ ಬುಟ್ಟಿಗೆ ಹೋಗಿಬಿಡುತ್ತದೆ.

ತಟ್ಟೆ ಚೆನ್ನಾಗಿದೆಯಾ? ಗಟ್ಟಿ ಇದೆ. ಅಂಚು ಮಡಚಿದೆ, ಕೈ ಕೊಯ್ಯುವುದಿಲ್ಲ. ಆದರೆ ಖಾನೆ ಇರುವ ತಟ್ಟೆ, ನಮ್ಮ ಊಟಕ್ಕೆ ಮಾಡಿದ್ದಲ್ಲ. ದೊಡ್ಡ ಖಾನೆಯಲ್ಲಿ ಅನ್ನ ಹಾಕಿ ಮೇಲೆ ಹುಳಿ ಬಿಟ್ಟರೆ ಅದು ಪಕ್ಕದ ಕೋಸಂಬರಿಗೆ ನುಗ್ಗುತ್ತದೆ. ಪಾಯಸದ ಖಾನೆಗೆ ಆಳ ಎಷ್ಟು ಕಮ್ಮಿ ಅಂದರೆ ಎರಡನೇ ಸಲ ಬಡಿಸಿದಾಗ ಹೋಳಿಗೆ ನೆನೆದುಹೋಗಿರುತ್ತದೆ. ಹೋಳಿಗೆ ಪಾಯಸದಲ್ಲಿ ನೆನೆದರೆ ಏನು ನಷ್ಟ ಅಂತ ನಮ್ಮೆಜಮಾನರು ಕೇಳುತ್ತಾರೆ, ಆ ಮಾತು ಬೇರೆ. ಅಗಲವಾದ ಸಾದಾ ತಟ್ಟೆ ಇಟ್ಟರೆ ಒಳ್ಳೆಯದು ಅಂತ ಬ್ಯಾಂಕಿನವರಿಗೂ ಹೇಳಿದ್ದೇನೆ.

ಅತ್ತೆಯವರ ತಕರಾರು ಇನ್ನೊಂದು ಥರ. "ಊರೋರೆಲ್ಲ ಉಂಡ ತಟ್ಟೇಲಿ ಹಬ್ಬದೂಟಾನಾ?" ಅಂದರು. "ಹೋಟೆಲಲ್ಲಿ ದೋಸೆ ತಿನ್ನೋವಾಗ ಯಾರ ತಟ್ಟೆ ಅಂತ ಕೇಳ್ತೀರಾ ಅತ್ತೆ?" ಅಂದೆ. ಉತ್ತರ ಬರಲಿಲ್ಲ, ಆದರೆ ಅವರಿಗೆ ಇವತ್ತಿಗೂ ಬಾಳೆ ಎಲೆಯೇ. ಅದೂ ಸರಿಯೇ. ನೆಲದಲ್ಲೋ ಟೇಬಲ್ಲಿಗೋ ಸಾಲಾಗಿ ಕೂರಿಸಿ ಬಡಿಸುವ ಜಾಗ ಇದ್ದವರಿಗೆ ಬಾಳೆ ಎಲೆ, ಮುತ್ತುಗದ ಎಲೆ ಬಿಟ್ಟು ಬೇರೇನೂ ಬೇಡ. ತೊಳೆಯುವ ಕೆಲಸವಿಲ್ಲ, ಎತ್ತಿಡುವ ಕೆಲಸವಿಲ್ಲ. ನಮ್ಮದು ಎರಡು ಬೆಡ್‌ರೂಮಿನ ಫ್ಲ್ಯಾಟು. ಅರ್ಧ ಜನ ಬಾಲ್ಕನಿಯಲ್ಲಿ ನಿಂತು ಉಣ್ಣುತ್ತಾರೆ, ಎಲೆ ಹಿಡಿದುಕೊಂಡು ನಿಲ್ಲಲಾಗುತ್ತದೆಯೇ?

ಪೇಪರ್ ಪ್ಲೇಟ್ ತಂದರಾಯಿತಲ್ಲ ಅಂತ ನೆಂಟರು ಹೇಳುತ್ತಲೇ ಇರುತ್ತಾರೆ. ಪ್ಲಾಸ್ಟಿಕ್, ಥರ್ಮೋಕೋಲ್ ತಟ್ಟೆಗಳನ್ನು ಕರ್ನಾಟಕ 2016ರಲ್ಲೇ ನಿಷೇಧಿಸಿತು. 2022ರ ಜುಲೈಯಿಂದ ದೇಶದಲ್ಲೆಲ್ಲ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ ನಿಷೇಧ ಬಂತು. ಪೇಪರ್ ಪ್ಲೇಟ್ ಉಳಿದುಕೊಂಡಿತು. ಆದರೆ ಸಾರು ಸೋರದಿರಲಿ ಅಂತ ಬಹಳಷ್ಟಕ್ಕೆ ಮೇಲೊಂದು ಪ್ಲಾಸ್ಟಿಕ್ ಪದರ ಮೆತ್ತಿರುತ್ತಾರೆ. ಊಟದ ಎಂಜಲು ಅಂಟಿದ ಆ ತಟ್ಟೆ ಹಸಿ ಕಸಕ್ಕೂ ಸೇರುವುದಿಲ್ಲ, ಒಣ ಕಸಕ್ಕೂ ಸೇರುವುದಿಲ್ಲ. ಅಡಿಕೆ ಹಾಳೆ ತಟ್ಟೆ ಒಳ್ಳೆಯದೇ, ಆದರೆ ನಲವತ್ತು ಜನಕ್ಕೆ ಪ್ರತಿ ಸಲ ಕೊಳ್ಳುವುದು ಸ್ವಲ್ಪ ದುಬಾರಿ.

ಇನ್ನು ಯಾರೂ ಬಾಯಿಬಿಟ್ಟು ಹೇಳದ ಸಂಗತಿ: ತೊಳೆಯುವುದು ಯಾರು? ತೊಳೆದು ಒರೆಸಿ ವಾಪಸ್ ಕೊಡಬೇಕು, ಅದು ನಿಯಮ. ಖಾನೆಗಳ ಮೂಲೆಯಲ್ಲಿ ಹುಳಿಯ ಜಿಡ್ಡು ಒಣಗಿ ಕೂತರೆ ಉಗುರಿನಲ್ಲಿ ಕೆರೆಯಬೇಕು. ಮನೆಯಲ್ಲಿ ಸಾಮಾನು ಕಮ್ಮಿ ಮಾಡಿಕೊಂಡ ಹೆಮ್ಮೆ ನಮ್ಮದು, ಸೊಂಟ ನೋವು ಪಾತ್ರೆ ತಿಕ್ಕುವವರದು ಅಂತಾದರೆ ಅದೇನು ಸರಳತೆ? ಹಾಗಾಗಿ ನಮ್ಮ ಮನೆಕೆಲಸದಾಕೆಗೆ ಆ ದಿನಕ್ಕೆ ಬೇರೆಯೇ ದುಡ್ಡು ಕೊಡುತ್ತೇನೆ, ಒರೆಸುವುದು ಗಂಡಸರ ಪಾಲು. ಜೊತೆಗೆ ಒಂದು ಟಬ್ಬಿನಲ್ಲಿ ನೀರಿಟ್ಟು, ಉಂಡವರೇ ಎಂಜಲು ತೆಗೆದು ತಟ್ಟೆ ಅದ್ದಿಡಬೇಕು ಅಂತ ಹೇಳಿಬಿಡುತ್ತೇನೆ. ಮೊದಮೊದಲು ಮುಖ ಸಿಂಡರಿಸಿದರು, ಈಗ ಮಕ್ಕಳು ಜಗಳವಾಡಿಕೊಂಡು ಅದ್ದುತ್ತವೆ. ಟಬ್ಬಿನಿಂದ ನೀರೂ ಉಳಿಯುತ್ತದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್ ದಾರಿ ಕಾಯುವಾಗ ಮಾತ್ರ ಬ್ಯಾಂಕಿನ ಕಡೆ ತಲೆ ಹಾಕಲಿಲ್ಲ. ಅಂಥ ಹೊತ್ತಿನಲ್ಲಿ ಎಲೆಯೇ ಸರಿ.

ಗಾಡಿ ಇಲ್ಲದವರಿಗೆ ಇದು ಕಷ್ಟ. ನಲವತ್ತು ತಟ್ಟೆಯ ಚೀಲ ಒಬ್ಬರ ಕೈಯಲ್ಲಿ ಎತ್ತುವಂಥದ್ದಲ್ಲ. ಆಟೋ ಚಾರ್ಜು ಸೇರಿಸಿ ಲೆಕ್ಕ ಹಾಕಿ. ಬ್ಯಾಂಕ್ ದೂರವಿದ್ದರೆ ನಿಮ್ಮ ಅಟ್ಟದ ತಟ್ಟೆ ಅಟ್ಟದಲ್ಲೇ ಇರಲಿ.

ನನ್ನ ಮಾರ್ಕು ಐದಕ್ಕೆ ನಾಲ್ಕು. ಒಂದು ಕಳೆದದ್ದು ಆ ಪಾಯಸದ ಖಾನೆಗೆ. ಶ್ರಾವಣದಲ್ಲಿ ಎಲ್ಲರ ಮನೆಯಲ್ಲೂ ಒಟ್ಟಿಗೇ ಪೂಜೆ ಬರುವುದರಿಂದ ಆಷಾಢದಲ್ಲೇ ಹೇಳಿಟ್ಟುಬಿಡಿ. ಬಡಿಸುವ ಬಕೆಟ್ಟು, ಸೌಟು ಇಲ್ಲಿ ಸಿಗುವುದಿಲ್ಲ. ಅವನ್ನು ನಾನು ಎದುರು ಮನೆಯಿಂದ ತರುತ್ತೇನೆ, ಅವರು ನನ್ನ ಇಡ್ಲಿ ಪಾತ್ರೆ ಒಯ್ಯುತ್ತಾರೆ.