ಕ್ಯೂಜಿಐಎಸ್, ಪೋಸ್ಟ್‌ಜಿಐಎಸ್, ಕ್ಯೂಫೀಲ್ಡ್: ದೇಶದ ನಕ್ಷೆ ಕಟ್ಟಲು ಇಷ್ಟು ಸಾಕೇ?

ಕ್ಯೂಜಿಐಎಸ್ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ, ಪೋಸ್ಟ್‌ಜಿಐಎಸ್ ನಕ್ಷೆಯ ದತ್ತಾಂಶ ಕೂಡಿಡುವ, ಕ್ಯೂಫೀಲ್ಡ್ ಫೋನಿನಲ್ಲಿ ಸ್ಥಳ ದಾಖಲಿಸುವ ಉಚಿತ ತಂತ್ರಾಂಶ. ಹಣದ ಬಿಗಿಯಿರುವ ದೇಶದ ನಕ್ಷೆ ಇಲಾಖೆಗೆ ಈ ಮೂರು ಧಾರಾಳವಾಗಿ ಸಾಕು. ಲೈಸೆನ್ಸ್ ಶುಲ್ಕ ಉಳಿಯುವುದು ಒಂದು ಲಾಭ. ಅದಕ್ಕಿಂತ ದೊಡ್ಡದು, ನೆರವಿನ ಯೋಜನೆ ಮುಗಿದ ಮೇಲೂ ಕೆಲಸ ನಿಲ್ಲುವುದಿಲ್ಲ. ಆದರೆ ಶುರುವಿನಲ್ಲೇ ಕೆಲವು ವಿಷಯ ಗಟ್ಟಿಮಾಡಿಕೊಳ್ಳದಿದ್ದರೆ ವರ್ಷಗಳ ದತ್ತಾಂಶ ಕೆಡುತ್ತದೆ.

ಮೊದಲು ಡೇಟಮ್, ಅಂದರೆ ಅಕ್ಷಾಂಶ-ರೇಖಾಂಶ ಅಳೆಯಲು ಆಧಾರವಾಗಿ ಹಿಡಿದ ಭೂಮಿಯ ಮಾದರಿ. ನೇಪಾಳದ ಹಳೆಯ ಹಾಳೆಗಳು ಎವರೆಸ್ಟ್ 1830, ಕೀನ್ಯಾದವು ಆರ್ಕ್ 1960 ಆಧರಿಸಿದವು; ಜಿಪಿಎಸ್ ಕೊಡುವುದು ಡಬ್ಲ್ಯುಜಿಎಸ್ 84. ಸರಿಯಾದ ಪರಿವರ್ತನೆ ಆರಿಸದಿದ್ದರೆ ರಸ್ತೆ ನೂರಾರು ಮೀಟರ್ ಜರುಗಿ ಹೊಲದ ನಡುವೆ ಹೋಗಿ ಕೂರುತ್ತದೆ. ಅದಾದರೂ ಕಣ್ಣಿಗೆ ಬೀಳುತ್ತದೆ. ಒಂದೊಂದು ಕಂಪ್ಯೂಟರಿನಲ್ಲಿ ಒಂದೊಂದು ಪರಿವರ್ತನೆ ಇದ್ದು ಬರುವ ಕೆಲವೇ ಮೀಟರ್ ವ್ಯತ್ಯಾಸ ಬೇಗ ಗೊತ್ತೇ ಆಗುವುದಿಲ್ಲ. ಇಲಾಖೆ ಒಪ್ಪಿದ ಒಂದನ್ನೇ ಎಲ್ಲ ಕಡೆ ಇಡಬೇಕು.

ಎರಡನೆಯದು ಶೇಪ್‌ಫೈಲ್ ಎಂಬ ಹಳೆಯ ಬಗೆಯ ನಕ್ಷೆ ಕಡತ ಬಿಡುವುದು. ಅದರ ಕಾಲಂ ಹೆಸರಿಗೆ 10 ಅಕ್ಷರದ ಮಿತಿ. ಊರ ಹೆಸರುಗಳ ಪಾಡು ಇನ್ನೂ ಕಷ್ಟ: ದೇವನಾಗರಿಯ ‘ಶ್ರೀ’ ನೋಡಲು ಒಂದೇ ಅಕ್ಷರ, ಯೂನಿಕೋಡ್‌ನಲ್ಲಿ 4 ಸಂಕೇತ, ಅದನ್ನು ಕಡತದಲ್ಲಿ ಉಳಿಸುವ ಯುಟಿಎಫ್-8 ರೂಪದಲ್ಲಿ 12 ಬೈಟ್. 20 ಬೈಟಿನ ಕಾಲಂನಲ್ಲಿ ಇನ್ನೆರಡು ಸಂಕೇತಕ್ಕಷ್ಟೇ ಜಾಗ, ಮುಂದಿನದು ಕತ್ತರಿಸಿಹೋಗುತ್ತದೆ.

ಅದರ ಬದಲು ಬಳಸಬಹುದಾದ ಜಿಯೋಪ್ಯಾಕೇಜ್ ಕಡತದಲ್ಲಿ ಈ ತೊಂದರೆ ಇಲ್ಲ. ಆದರೆ ಅದು ತೆರೆದಿರುವಾಗ ಪಕ್ಕದಲ್ಲೇ ‘ಡಬ್ಲ್ಯುಎಎಲ್’ ಎಂಬ ಇನ್ನೊಂದು ಕಡತ ಹುಟ್ಟುತ್ತದೆ. ಇತ್ತೀಚಿನ ತಿದ್ದುಪಡಿಗಳು ಅದರಲ್ಲಿರಬಹುದು. ಮುಖ್ಯ ಕಡತವನ್ನಷ್ಟೇ ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಅವು ಹೋದಂತೆಯೇ. ಕ್ಯೂಜಿಐಎಸ್ ಮುಚ್ಚಿಯೇ ನಕಲು ಮಾಡಿ. ನೆಟ್‌ವರ್ಕ್ ಫೋಲ್ಡರಿನಲ್ಲಿಟ್ಟು ನಾಲ್ಕಾರು ಜನ ತಿದ್ದುವುದಂತೂ ಬೇಡವೇ ಬೇಡ, ಆ ಕೆಲಸಕ್ಕೆ ಪೋಸ್ಟ್‌ಜಿಐಎಸ್ ಇದೆ.

ಪೋಸ್ಟ್‌ಜಿಐಎಸ್‌ನ ಟೇಬಲ್ಲಿಗೆ, ಆಕೃತಿ ಸರಿಯಿದೆಯೇ ಎಂದು ನೋಡುವ ‘ಎಸ್‌ಟಿ_ಈಸ್‌ವ್ಯಾಲಿಡ್’ ತಪಾಸಣೆ ಕಟ್ಟಿದರೆ, ಗಡಿರೇಖೆ ತನ್ನನ್ನೇ ದಾಟುವ ಜಮೀನಿನ ಆಕೃತಿ ಒಳಗೇ ಬರುವುದಿಲ್ಲ. ಕೆಟ್ಟ ಆಕೃತಿಯನ್ನು ತಾನೇ ಸರಿಪಡಿಸುವ ‘ಎಸ್‌ಟಿ_ಮೇಕ್‌ವ್ಯಾಲಿಡ್’ ಮಾತ್ರ ಕಣ್ಣುಮುಚ್ಚಿ ಓಡಿಸಬೇಡಿ. ಒಂದು ಜಮೀನು ಎರಡು ತುಂಡಾಗಿಬಿಡಬಹುದು.

ಹೊರಗಿನ ಸಮೀಕ್ಷೆಗೆ ಕ್ಯೂಫೀಲ್ಡ್ ಬಹಳ ಹಿಡಿಸಿತು, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಬಯಲಲ್ಲಿ ಫೋನಿನ ನಿಖರತೆ ಸುಮಾರು 3ರಿಂದ 5 ಮೀಟರ್: ಶಾಲೆ, ಬಾವಿ ಗುರುತಿಸಲು ಸಾಕು, ಜಮೀನಿನ ಗಡಿಗೆ ಸಾಲದು. ಗಡಿಗೆ ಬ್ಲೂಟೂತ್ ಮೂಲಕ ಆರ್‌ಟಿಕೆ ರಿಸೀವರ್, ಅಂದರೆ ಹೆಚ್ಚು ನಿಖರವಾಗಿ ಸ್ಥಳ ಅಳೆಯುವ ಉಪಕರಣ, ಜೋಡಿಸಿ. ಆಗ ರಿಸೀವರ್ ಕೂರಿಸಿದ ಕಂಬದ ಎತ್ತರವನ್ನು ಆ್ಯಂಟೆನಾ ಎತ್ತರದ ಸೆಟ್ಟಿಂಗ್‌ನಲ್ಲಿ ತುಂಬಲು ಮರೆತರೆ, 2 ಮೀಟರ್ ಕಂಬವಿದ್ದಲ್ಲಿ ನೆಲದ ಎತ್ತರವೂ ಅಷ್ಟೇ ಹೆಚ್ಚು ದಾಖಲಾಗುತ್ತದೆ.