ಗೋರಿ ದಿಬ್ಬ ಹುಡುಕೋಕೆ ಟೆಂಪ್ಲೇಟ್ ಮ್ಯಾಚಿಂಗಾ, ಯೋಲೋನಾ, ಬರಿಗಣ್ಣಾ?

ನೆದರ್ಲೆಂಡ್ಸ್‌ನ ವೇಲುವೆ ಕಾಡಲ್ಲಿ ಇತಿಹಾಸಪೂರ್ವ ಕಾಲದ ನೂರಾರು ಗೋರಿ ದಿಬ್ಬ ಇವೆ, ಆ ದೇಶದ ಎಎಚ್‌ಎನ್ ಅನ್ನೋ ಲೈಡಾರ್ ಡೇಟಾನೂ (ಮೇಲಿಂದ ಲೇಸರ್ ಬಿಟ್ಟು ನೆಲದ ಎತ್ತರ ಅಳೆದಿದ್ದು) ಅರ್ಧ ಮೀಟರ್ ರೆಸಲ್ಯೂಷನ್ನಲ್ಲಿ ಫ್ರೀಯಾಗೇ ಸಿಗುತ್ತೆ, ಹಾಗಾಗಿ ಅದನ್ನೇ ಇಟ್ಕೊಂಡು ಮೂರು ದಾರೀನೂ ಒಂದೇ ಜಾಗದ ಮೇಲೆ ಟ್ರೈ ಮಾಡ್ದೆ.

ಟೆಂಪ್ಲೇಟ್ ಮ್ಯಾಚಿಂಗ್, ಅಂದ್ರೆ ಒಂದು ಮಾದರಿಗೆ ಹೋಲೋ ಆಕಾರನ ಕಂಪ್ಯೂಟರ್ ಕೈಲಿ ಹುಡುಕಿಸೋದು, ಶುರು ಮಾಡೋದು ಸುಲಭ. ಟ್ರೈನಿಂಗ್ ಏನೂ ಬೇಡ, ದುಂಡಗಿನ ಉಬ್ಬಿನ ಒಂದು ಮಾದರಿ ಕೊಟ್ರೆ ಸಾಕು. ಆದ್ರೆ ದುಂಡಗಿರೋದೆಲ್ಲ ಅದಕ್ಕೆ ಗೋರಿನೇ, ರಸ್ತೆ ಸರ್ಕಲ್ಲು, ಗಾಲ್ಫ್ ಮೈದಾನದ ಗುಡ್ಡೆ, ಗಾಳಿ ರಾಶಿ ಹಾಕಿದ ಮರಳು ಎಲ್ಲಾನೂ ಹೊತ್ಕೊಂಡು ಬಂತು, ನೇಗಿಲಿಗೆ ಸಿಕ್ಕು ಅರ್ಧ ಸವೆದಿರೋ ದಿಬ್ಬಗಳನ್ನ ಮಾತ್ರ ಬಿಟ್ಟೇ ಬಿಡ್ತು.

ಯೋಲೋ ಅಂದ್ರೆ ಗುರುತು ಹಾಕಿದ ಉದಾಹರಣೆ ನೋಡಿ ಕಲಿತು, ಚಿತ್ರದಲ್ಲಿ ಅಂಥದ್ದು ಎಲ್ಲಿದ್ರೂ ಬಾಕ್ಸ್ ಹಾಕಿ ತೋರಿಸೋ ಎಐ ಮಾಡೆಲ್. ಅದು ಮೊದಲ ಸಲ ನಂಗೆ ನಿರಾಸೆನೇ ಮಾಡ್ತು. ತಪ್ಪು ಮಾಡೆಲ್‌ದಲ್ಲ, ನಾನು ಕೊಟ್ಟ ಚಿತ್ರದ್ದು. ಕೊಟ್ಟಿದ್ದು ಹಿಲ್‌ಶೇಡ್, ಅಂದ್ರೆ ಎತ್ತರದ ಡೇಟಾ ಮೇಲೆ ಕೃತಕ ಬಿಸಿಲು ಬಿಟ್ಟು ಮಾಡಿದ ಚಿತ್ರ. ಅದ್ರಲ್ಲಿ ಬೆಳಕು ಒಂದೇ ದಿಕ್ಕಿಂದ ಬೀಳೋದ್ರಿಂದ ಮಾಡೆಲ್ ದಿಬ್ಬಕ್ಕಿಂತ ನೆರಳನ್ನೇ ಜಾಸ್ತಿ ಕಲೀತು ಅನ್ಸುತ್ತೆ. ಆಮೇಲೆ ಸ್ಲೊವೇನಿಯಾದವರು ಮಾಡಿರೋ ರಿಲೀಫ್ ವಿಷುವಲೈಸೇಷನ್ ಟೂಲ್‌ಬಾಕ್ಸ್ ಅನ್ನೋ ಸಾಫ್ಟ್‌ವೇರಲ್ಲಿ ಎರಡು ಬೇರೆ ಚಿತ್ರ ತೆಗೆದೆ. ಒಂದು ಲೋಕಲ್ ರಿಲೀಫ್, ಇದು ದೊಡ್ಡ ಇಳಿಜಾರನ್ನ ಕಳೆದು ಸಣ್ಣ ಉಬ್ಬು ತಗ್ಗು ಮಾತ್ರ ಉಳಿಸುತ್ತೆ. ಇನ್ನೊಂದು ಸ್ಕೈ-ವ್ಯೂ ಫ್ಯಾಕ್ಟರ್, ಅಂದ್ರೆ ಆ ಜಾಗದಲ್ಲಿ ನಿಂತ್ರೆ ಎಷ್ಟು ಆಕಾಶ ಕಾಣುತ್ತೆ ಅನ್ನೋ ಲೆಕ್ಕ, ಹಳ್ಳ ಕಪ್ಪಗೆ ದಿಬ್ಬ ಬೆಳ್ಳಗೆ ಕಾಣುತ್ತೆ. ಮಾಡೆಲ್ ಅದೇ, ಗುರುತು ಹಾಕಿದ ದಿಬ್ಬಗಳೂ ಅವೇ, ಆದ್ರೂ ಸರ್ಕಲ್ಲುಗಳ ಕಾಟ ಸುಮಾರಾಗಿ ನಿಂತೋಯ್ತು, ಸವೆದಿರೋ ದಿಬ್ಬಗಳೂ ಕೆಲವು ಸಿಕ್ಕಿದ್ವು! ಯಾವ ಮಾಡೆಲ್ ಅಂತ ವಾರಗಟ್ಟಲೆ ತಲೆ ಕೆಡಿಸ್ಕೊಳ್ಳೋರು ಮೊದ್ಲು ಇದನ್ನ ನೋಡಿ.

ಮೇಲಿಂದ ತೆಗೆದ ಮಾಮೂಲಿ ಫೋಟೋ ಮೇಲೂ ಇದನ್ನೇ ಮಾಡ್ಬಹುದಲ್ವಾ ಅಂತ ಕೇಳ್ತಾರೆ. ಪೆರುವಿನ ನಾಸ್ಕಾದಲ್ಲಿ ಹಾಗೇ ಎಐ ಸಹಾಯದಿಂದ ನೆಲದ ಮೇಲೆ ಹಿಂದಿನವರು ಬಿಡಿಸಿದ 303 ಹೊಸ ಚಿತ್ರಗಳು ಸಿಕ್ಕಿವೆ ಅಂತ 2024ರಲ್ಲಿ ಪ್ರಕಟ ಆಯ್ತು, ಆದ್ರೆ ಅದು ಮರಳುಗಾಡು, ಗೆರೆ ಯಾವಾಗ್ಲೂ ಕಾಣುತ್ತೆ. ಹೊಲದಲ್ಲಿ ಹಾಗಲ್ಲ. ಹಿಂದೆ ತೋಡಿ ಈಗ ಮಣ್ಣಲ್ಲಿ ಹೂತೋಗಿರೋ ಕಂದಕದ ಮೇಲಿನ ಪೈರು ಬರ ಬಂದಾಗ ಮಾತ್ರ ಸುತ್ತಲಿಗಿಂತ ಹಸಿರಾಗಿ ಎದ್ದು ಕಾಣೋದು, 2018ರ ಬರದಲ್ಲಿ ಐರ್ಲೆಂಡಿನ ನ್ಯೂಗ್ರೇಂಜ್ ಹತ್ರ ದೊಡ್ಡ ವೃತ್ತ ಡ್ರೋನ್ ಕಣ್ಣಿಗೆ ಬಿದ್ದಿದ್ದೂ ಹಾಗೇ. ಅಂಥ ವರ್ಷದ ಫೋಟೋ ಕೈಯಲ್ಲಿಲ್ಲ ಅಂದ್ರೆ ಮಾಡೆಲ್ ಏನು ತಾನೇ ಹುಡುಕುತ್ತೆ.

ಬರಿಗಣ್ಣು ನಿಧಾನ, ಎರಡು ಗಂಟೆ ಆದ್ಮೇಲೆ ಎಲ್ಲಾ ಗುಡ್ಡೆನೂ ಒಂದೇ ಥರ ಕಾಣುತ್ತೆ. ಆದ್ರೂ ವೇಲುವೆಯ ಏಪೆ–ನೀರ್ಸೆನ್ ಕಡೆ ದಿಬ್ಬಗಳು ಸಾಲಾಗಿ ಹೋಗಿರೋದು ಹೊಳೆಯೋದು ಕಣ್ಣಿಗೇ, ಯೋಲೋ ಒಂದೊಂದಕ್ಕೂ ಬೇರೆ ಬೇರೆ ಬಾಕ್ಸ್ ಹಾಕಿ ಸುಮ್ನಾಗುತ್ತೆ.

ಈಗ ನಾನು ಯೋಲೋದ ಥ್ರೆಶೋಲ್ಡ್, ಅಂದ್ರೆ ಎಷ್ಟು ಖಾತ್ರಿ ಇದ್ರೆ ದಿಬ್ಬ ಅಂತ ತೋರಿಸ್ಬೇಕು ಅನ್ನೋ ಮಿತಿ, ಬೇಕಂತಲೇ ಕಮ್ಮಿ ಇಟ್ಟು ಓಡಿಸ್ತೀನಿ, ಬಂದಿದ್ದನ್ನೆಲ್ಲ ಕೂತು ಒಂದೊಂದಾಗಿ ನೋಡ್ತೀನಿ. ಸುಳ್ಳು ದಿಬ್ಬನ ಅಳಿಸೋಕೆ ಎರಡು ಸೆಕೆಂಡ್ ಸಾಕು, ಬಿಟ್ಟುಹೋದ ದಿಬ್ಬದ ಮೇಲೆ ಮುಂದಿನ ಉಳುಮೆ ಆಗೋಗುತ್ತೆ.