ಸ್ನೇಹಿತರು ಸಿಗುತ್ತಾರೆ ಅಂತ 56,640 ರೂಪಾಯಿ ಕಟ್ಟಿದೆ. ದಯವಿಟ್ಟು ನೀವು ಕಟ್ಟಬೇಡಿ

ಇದನ್ನು ಬರೆಯೋದೋ ಬೇಡವೋ ಅಂತ ಎರಡು ತಿಂಗಳು ಯೋಚನೆ ಮಾಡಿದೆ. 32 ವರ್ಷ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿದವಳು ನಾನು. ಚಿತ್ರದುರ್ಗಕ್ಕೆ ಹೋದರೆ ಈಗಲೂ ಬಸ್ ಸ್ಟ್ಯಾಂಡಿನಲ್ಲಿ "ಟೀಚರ್, ಚೆನ್ನಾಗಿದೀರಾ" ಅಂತ ನಿಲ್ಲಿಸಿ ಮಾತಾಡಿಸುವವರಿದ್ದಾರೆ. ಅಂಥವಳು ಒಂದು ಹೋಟೆಲಿನ ಹಾಲ್‌ನಲ್ಲಿ ಒಂದೂವರೆ ಗಂಟೆ ಕೂತು, ಒಂದು ಕ್ಲಬ್ಬಿನ ಸದಸ್ಯತ್ವಕ್ಕೆ 56,640 ರೂಪಾಯಿ ಕೊಟ್ಟು ಎದ್ದು ಬಂದೆ ಅಂತ ಹೇಳಿಕೊಳ್ಳಲು ನಾಚಿಕೆ ಆಗುತ್ತದೆ.

ಆದರೆ ಹೋದ ವಾರ ಆ ಕ್ಲಬ್ಬಿನ ಅದೇ ಜಾಹೀರಾತು ನನ್ನ ಫೇಸ್‌ಬುಕ್ಕಿನಲ್ಲಿ ಮತ್ತೆ ಬಂತು. ಅದೇ ಫೋಟೊ. 50 ದಾಟಿದವರಿಗೆ ಗೆಳೆಯರ ಬಳಗ, ಪ್ರವಾಸ, ಹಾಡು, ಹರಟೆ. ಕೆಳಗೆ ಎಷ್ಟೋ ಜನ "ವಿವರ ಕಳಿಸಿ" ಅಂತ ಹಾಕಿದ್ದರು. ಅವರ ಫೋಟೊ ನೋಡಿದರೆ ಎಲ್ಲರೂ ನನ್ನ ವಯಸ್ಸಿನವರೇ. ಆ ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಯಜಮಾನರು ಹೋಗಿ ಮೂರು ವರ್ಷ ಆಯಿತು. ಊರಿನ ಮನೆ ಬಾಡಿಗೆಗೆ ಕೊಟ್ಟು ಬೆಂಗಳೂರಿಗೆ, ಜೆ.ಪಿ. ನಗರದಲ್ಲಿರುವ ಮಗಳ ಮನೆಗೆ ಬಂದೆ. ಮಗಳು ಅಳಿಯ ಬೆಳಿಗ್ಗೆ ಎಂಟೂವರೆಗೆ ಹೊರಟರೆ ಬರೋದು ರಾತ್ರಿ ಎಂಟಕ್ಕೆ. ಅಪಾರ್ಟ್‌ಮೆಂಟಿನಲ್ಲಿ ಬಾಗಿಲು ಹಾಕಿದರೆ ಹಾಕಿದ್ದೇ. ಎದುರು ಮನೆಯವರ ಹೆಸರು ಆರು ತಿಂಗಳಾದರೂ ಗೊತ್ತಿರಲಿಲ್ಲ. ಊರಲ್ಲಿ ನಮ್ಮ ಮಹಿಳಾ ಸಮಾಜ ಇತ್ತು, ಭಜನಾ ಮಂಡಳಿ ಇತ್ತು. ವರ್ಷಕ್ಕೆ 100 ರೂಪಾಯಿ ಚಂದಾ. ದಸರಾ ಬಂದರೆ ಕುರ್ಚಿ ಹಾಕೋದೂ ನಾವೇ, ಪ್ರಸಾದ ಹಂಚೋದೂ ನಾವೇ. ಸದಸ್ಯತ್ವ ಅಂದರೆ ನನ್ನ ತಲೆಯಲ್ಲಿ ಇದ್ದದ್ದು ಅದು. ಹಾಗಾಗಿ ಜಾಹೀರಾತಿನಲ್ಲಿ "ಸದಸ್ಯರಾಗಿ" ಅಂತ ಕಂಡಾಗ ಅನುಮಾನವೇ ಬರಲಿಲ್ಲ. ನಂಬರ್ ಕೊಟ್ಟೆ.

ಹತ್ತು ನಿಮಿಷದಲ್ಲಿ ಫೋನ್ ಬಂತು. ಒಂದು ಹುಡುಗಿ. ಎಷ್ಟು ಚೆನ್ನಾಗಿ ಮಾತಾಡಿದಳು ಅಂದರೆ, ನನ್ನ ಜೊತೆ ಅಷ್ಟು ಹೊತ್ತು ಯಾರೂ ಮಾತಾಡಿರಲಿಲ್ಲ ಆ ವಾರ. "ಅಮ್ಮಾ, ಯಜಮಾನ್ರು ಏನ್ ಮಾಡ್ತಾರೆ? ಮಕ್ಕಳು ಎಲ್ಲಿದ್ದಾರೆ? ದಿನಾ ಏನ್ ಮಾಡ್ತೀರಮ್ಮಾ?" ಎಲ್ಲಾ ಹೇಳಿದೆ. ಹೃದಯಾಘಾತ ಆಗಿದ್ದು, ಬೆಳಗಿನ ಕಾಫಿ ಹೊತ್ತಿಗೇ ಆಗಿದ್ದು, ಎಲ್ಲಾ. ಕೊನೆಗೆ, "ಭಾನುವಾರ ಜಯನಗರದಲ್ಲಿ ಫ್ರೀ ಟೀ ಮೀಟ್ ಇದೆ ಅಮ್ಮಾ, ಆಧಾರ್ ತನ್ನಿ, ಒಂದು ಡೆಬಿಟ್ ಕಾರ್ಡ್ ಅಥವಾ ಕ್ರೆಡಿಟ್ ಕಾರ್ಡ್ ತನ್ನಿ, ಸುಮ್ನೆ ಗುರುತಿಗೆ" ಅಂದಳು. ಗುರುತಿಗೆ ಬ್ಯಾಂಕ್ ಕಾರ್ಡ್ ಯಾಕೆ ಅಂತ ನಾನು ಕೇಳಬೇಕಿತ್ತು. ಕೇಳಲಿಲ್ಲ. ಇದನ್ನು ಓದುವವರು ಇದೊಂದನ್ನಾದರೂ ನೆನಪಿಡಿ. ಟೀ ಕುಡಿಯಲು ಕರೆದವರು ಕಾರ್ಡ್ ತನ್ನಿ ಅಂದರೆ ಹೋಗಲೇಬೇಡಿ.

ಹಾಲ್‌ನಲ್ಲಿ ಸುಮಾರು 20 ಜನ ಇದ್ದೆವು. ಒಬ್ಬೊಬ್ಬರಿಗೂ ಒಂದೊಂದು ಟೇಬಲ್. ಅಂತ್ಯಾಕ್ಷರಿ ಆಡಿಸಿದರು, ವಡೆ ಕಾಫಿ ಕೊಟ್ಟರು. ಆಮೇಲೆ ನನ್ನ ಟೇಬಲ್ಲಿಗೆ ಒಬ್ಬರು ಬಂದು ಕೂತರು. 55 ವರ್ಷ ಇರಬಹುದು, ಇಳಕಲ್ ಸೀರೆ, ಹಣೆಯಲ್ಲಿ ಕುಂಕುಮ ಇಲ್ಲ. "ನಾನೂ ಇಲ್ಲಿ ಮೆಂಬರ್ ಅಕ್ಕಾ, ಎರಡು ವರ್ಷದಿಂದ" ಅಂದರು. ಮಾತು ಎಲ್ಲಿಂದ ಎಲ್ಲಿಗೋ ಹೋಗಿ ಅವರ ಯಜಮಾನರ ವಿಷಯಕ್ಕೆ ಬಂತು. ಅವರಿಗೂ ಹೃದಯಾಘಾತ. ಅವರಿಗೂ ಬೆಳಿಗ್ಗೆ. "ಈಗ್ಲೂ ಕಾಫಿ ಮಾಡುವಾಗ ಕೈ ತಾನಾಗೇ ಎರಡು ಲೋಟ ತೆಗೆಯುತ್ತೆ ಅಕ್ಕಾ" ಅಂದು ನನ್ನ ಕೈ ಹಿಡಿದು ಅತ್ತರು.

ನಾನೂ ಅತ್ತೆ. ಮೂರು ವರ್ಷದಲ್ಲಿ ಮಗಳ ಮುಂದೆ ಕೂಡ ಹಾಗೆ ಅತ್ತಿರಲಿಲ್ಲ. ಯಾಕಂದರೆ ನಾನೂ ಎರಡು ಲೋಟ ತೆಗೆಯುತ್ತೇನೆ. ನಿಜವಾಗಿ ತೆಗೆಯುತ್ತೇನೆ.

ಅದಾದ ಮೇಲೆ ಮ್ಯಾನೇಜರ್ ಬಂದು ಕೂತ. ಮೂರು ವರ್ಷದ ಸದಸ್ಯತ್ವ 75,000, ಇವತ್ತು ಮಾತ್ರ 48,000. ಜಿಎಸ್‌ಟಿ 18 ಪರ್ಸೆಂಟ್ ಸೇರಿ 56,640. ಮಗಳನ್ನು ಕೇಳಿ ನಾಳೆ ಹೇಳುತ್ತೇನೆ ಅಂದೆ. "ಅಮ್ಮಾ, ಜೀವನ ಪೂರ್ತಿ ಬೇರೆಯವರನ್ನ ಕೇಳಿಕೊಂಡೇ ಬದುಕಿದ್ದೀರಿ. ಇದೊಂದು ನಿಮಗೋಸ್ಕರ ಮಾಡಿ" ಅಂದ. ಪಕ್ಕದಲ್ಲಿ ಆ ಇಳಕಲ್ ಸೀರೆಯವರು ತಲೆ ಆಡಿಸುತ್ತಾ, "ಸೇರ್ಕೊಳ್ಳಿ ಅಕ್ಕಾ, ಮುಂದಿನ ತಿಂಗಳು ಇಬ್ರೂ ಒಟ್ಟಿಗೆ ಹೊರನಾಡಿಗೆ ಹೋಗೋಣ" ಅಂದರು. ನಾನು ಕಾರ್ಡ್ ಕೊಟ್ಟಿದ್ದು ಕ್ಲಬ್ಬಿಗಲ್ಲ. ಅವರ ಜೊತೆ ಹೊರನಾಡಿಗೆ ಹೋಗಬೇಕು ಅಂತ ಕೊಟ್ಟೆ. ಎಫ್‌ಡಿ ಮುಗಿದು ಖಾತೆಗೆ ಬಂದಿದ್ದ ದುಡ್ಡು ಅದು. ಮೆಷಿನ್ನಿನಲ್ಲಿ ಉಜ್ಜಿದರು, ಪಿನ್ ಒತ್ತಿದೆ, ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಹತ್ತು ಪುಟದ ಇಂಗ್ಲಿಷ್ ಕಾಗದ ತಂದು ನಾಲ್ಕು ಕಡೆ ಸಹಿ ಹಾಕಿಸಿಕೊಂಡರು. ದುಡ್ಡು ಮೊದಲು, ಕಾಗದ ಆಮೇಲೆ. ಇದನ್ನೂ ಗಮನಿಸಿ.

ಮಗಳಿಗೆ 5,000 ಅಂತ ಸುಳ್ಳು ಹೇಳಿದೆ.

ಮುಂದಿನದ್ದನ್ನು ಬೇಗ ಹೇಳಿಬಿಡುತ್ತೇನೆ. ನಾಲ್ಕು ತಿಂಗಳಲ್ಲಿ ಒಂದೇ ಒಂದು ಮೀಟ್ ಆಯಿತು. ಅದಕ್ಕೂ ಊಟದ ಚಾರ್ಜ್ ಅಂತ 650 ರೂಪಾಯಿ ಬೇರೆ. ಅರ್ಧ ಹೊತ್ತು ಒಬ್ಬ ದೇವನಹಳ್ಳಿ ಕಡೆ ಸೈಟ್ ತೋರಿಸಿದ, ಇನ್ನರ್ಧ ಹೊತ್ತು ಇನ್ಶೂರೆನ್ಸ್. ಪಕ್ಕದಲ್ಲಿ ಕೂತವರ ಹೆಸರು ಕೇಳುವಷ್ಟೂ ಬಿಡುವಿರಲಿಲ್ಲ. ಪ್ರವಾಸಕ್ಕೆ ಮತ್ತೆ ಬೇರೆ ದುಡ್ಡು. ಮೊಬೈಲಿಗೆ ದಿನಕ್ಕೆ ಏಳೆಂಟು ಕರೆ: ಸಾಲ ಬೇಕಾ, ವಾಟರ್ ಫಿಲ್ಟರ್ ಬೇಕಾ. ಬೆಂಗಳೂರಿನಲ್ಲಿ ಆ ನಂಬರ್ ನಾನು ಬೇರೆ ಯಾರಿಗೂ ಕೊಟ್ಟಿರಲಿಲ್ಲ. ಇಳಕಲ್ ಸೀರೆಯವರ ನಂಬರ್ ಕೇಳಿದರೆ "ಮೆಂಬರ್ಸ್ ಪ್ರೈವೆಸಿ ಮೇಡಂ, ಕೊಡೋಕೆ ಬರಲ್ಲ" ಅಂದರು. ಹಾಲ್‌ನಲ್ಲಿ ಅಮ್ಮಾ ಆಗಿದ್ದವಳು ಫೋನಿನಲ್ಲಿ ಮೇಡಂ ಆಗಿಬಿಟ್ಟಿದ್ದೆ.

ಆಮೇಲೆ ಮಲ್ಲೇಶ್ವರದಲ್ಲಿ ಹೊಸ ಸದಸ್ಯರ ಕಾರ್ಯಕ್ರಮ, ಹಳೆಯ ಸದಸ್ಯರೂ ಬರಬಹುದು ಅಂತ ಮೆಸೇಜ್ ಬಂತು. ಎರಡು ಬಸ್ ಬದಲಾಯಿಸಿ ಹೋದೆ. ಅವರು ಬಂದಿರುತ್ತಾರೆ ಅನ್ನೋ ಆಸೆ. ಅವರಿಗೆ ಅಂತ ಊರಿಂದ ತರಿಸಿದ್ದ ಚಟ್ನಿಪುಡಿ ಡಬ್ಬಿಯೂ ಚೀಲದಲ್ಲಿತ್ತು.

ಬಂದಿದ್ದರು. ಹಾಲ್‌ನ ಮೂಲೆಯ ಟೇಬಲ್ಲಿನಲ್ಲಿ ನನಗೆ ಬೆನ್ನು ಹಾಕಿ ಕೂತಿದ್ದರು. ಎದುರಿಗೆ ಹಸಿರು ಸೀರೆ ಉಟ್ಟ ಒಬ್ಬ ಹಿರಿಯ ಹೆಂಗಸು. ಮಾತು ಮುಗಿಯಲಿ ಅಂತ ಹಿಂದೆಯೇ ನಿಂತೆ. ಕಿವಿಗೆ ಬಿತ್ತು. "ನನ್ನ ಮಗನೂ ಅಮೆರಿಕದಲ್ಲೇ ಅಕ್ಕಾ. ಫೋನ್ ಮಾಡ್ತಾನೆ ಅಂತ ರಾತ್ರಿ ಎರಡು ಗಂಟೆವರೆಗೂ ಎದ್ದಿರ್ತೀನಿ. ನಮ್ಮ ಯಜಮಾನ್ರು ಟಿವಿ ಮುಂದೆ ಕೂತ್ರೆ ಏಳಲ್ಲ, ನನ್ನ ಹತ್ರ ಮಾತಾಡೋರೇ ಇಲ್ಲ."

ಯಜಮಾನರು ಟಿವಿ ಮುಂದೆ.

ನಾನು ತಪ್ಪು ಕೇಳಿಸಿಕೊಂಡೆ ಅಂದುಕೊಂಡೆ. ಆಮೇಲೆ ಅವರು ಆ ಹೆಂಗಸಿನ ಕೈ ಹಿಡಿದರು. ನನ್ನ ಕೈ ಹಿಡಿದ ಹಾಗೆಯೇ, ಎರಡೂ ಕೈಯಲ್ಲಿ. ಸ್ವಲ್ಪ ಪಕ್ಕಕ್ಕೆ ತಿರುಗಿದಾಗ ಹಣೆಯಲ್ಲಿ ದುಂಡಗೆ ಕುಂಕುಮ ಕಂಡಿತು. ನನ್ನ ಮುಂದೆ ಅಳಿಸಿಕೊಂಡು ಬಂದು ಕೂತಿದ್ದರು. ನಾನು ಫೋನಿನಲ್ಲಿ ಆ ಹುಡುಗಿಗೆ ಹೇಳಿದ್ದನ್ನೆಲ್ಲಾ ಓದಿಕೊಂಡು ಬಂದು ಕೂತಿದ್ದರು. ಕಾಫಿ, ಬೆಳಿಗ್ಗೆ, ಹೃದಯಾಘಾತ. ನನ್ನ ಗಂಡನ ಸಾವನ್ನೇ ನನಗೆ ತಿರುಗಿಸಿ ಹೇಳಿದ್ದರು. ಎರಡು ಲೋಟದ ಮಾತೊಂದು ನಾನು ಹೇಳಿರಲಿಲ್ಲ. ಅದು ಎಲ್ಲಾ ವಿಧವೆಯರಿಗೂ ಹೇಳೋ ಮಾತು ಅಂತ ಈಗ ಅನಿಸುತ್ತದೆ.

ಕೈ ಕಾಲು ತಣ್ಣಗಾಯಿತು. ಮಾತಾಡದೆ ಹೊರಗೆ ಬಂದುಬಿಟ್ಟೆ.

ಮರುದಿನದಿಂದ ದುಡ್ಡು ವಾಪಸ್ ಕೇಳಲು ಶುರು ಮಾಡಿದೆ. ಅವರ ಉತ್ತರಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದಿಟ್ಟಿದ್ದೇನೆ. ಮೊದಲ ಸಲ: "ನಾನ್ ರಿಫಂಡಬಲ್ ಅಂತ ಏಳನೇ ಪುಟದಲ್ಲಿದೆ ಮೇಡಂ, ನೀವೇ ಸಹಿ ಹಾಕಿದ್ದೀರಿ." ಎರಡನೇ ಸಲ: "ನಿಮ್ಮ ಭಾವನೆ ನಮಗೆ ಅರ್ಥವಾಗುತ್ತೆ ಮೇಡಂ, ಸಿಸ್ಟಮ್ ಒಪ್ಪಲ್ಲ." ಆ ಹೆಂಗಸು ನಿಮ್ಮ ಸಂಬಳದವರಾ ಅಂತ ಕೇಳಿದೆ. "ಅವರು ನಮ್ಮ ಕಮ್ಯುನಿಟಿ ಅಂಬಾಸಿಡರ್ ಮೇಡಂ." ಸಂಬಳ ಕೊಡ್ತೀರಾ ಇಲ್ವಾ? "ಅದು ಇಂಟರ್ನಲ್ ವಿಷಯ." ಗಂಡ ಸತ್ತ ಅಂತ ಸುಳ್ಳು ಹೇಳಿದರಲ್ಲ ಅಂದರೆ, "ಪರ್ಸನಲ್ ಆಗಿ ಏನು ಮಾತಾಡಿದ್ರೋ ಅದಕ್ಕೆ ಕಂಪನಿ ಜವಾಬ್ದಾರಿ ಅಲ್ಲ." ಮ್ಯಾನೇಜರ್ ಕೊನೆಗೊಮ್ಮೆ ಸಿಕ್ಕ. ಸ್ನೇಹಿತರು ಸಿಗುತ್ತಾರೆ ಅಂದಿರಲ್ಲಪ್ಪಾ ಅಂದೆ. ಅವನು ಅಂದ ಮಾತು ಹಾಗೇ ಬರೆಯುತ್ತೇನೆ: "ಸ್ನೇಹ ಕೊಡಿಸ್ತೀವಿ ಅಂತ ಎಗ್ರಿಮೆಂಟಲ್ಲಿ ಎಲ್ಲಿದೆ ತೋರಿಸಿ ಮೇಡಂ. ನಾವು ವೇದಿಕೆ ಮಾತ್ರ. ಫ್ರೆಂಡ್ಸ್ ಆಗೋದು ಬಿಡೋದು ನಿಮ್ಮ ನಿಮ್ಮ ಸ್ವಭಾವ."

ನನ್ನ ಸ್ವಭಾವವಂತೆ.

ಆ ಮಾತು ಕೇಳಿದ ದಿನ ಮಗಳಿಗೆ ಎಲ್ಲಾ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ರಸೀದಿ ತೆಗೆದು ನೋಡಿ, "ಅಮ್ಮಾ, ಹೆಸರಿನ ಕೊನೆಯಲ್ಲಿ ಪ್ರೈವೇಟ್ ಲಿಮಿಟೆಡ್ ಅಂತಿದೆ ನೋಡು" ಅಂದಳು. ಅಷ್ಟೇ, ಎಲ್ಲಾ ಅರ್ಥ ಆಯಿತು. ಅದು ಸಂಘ ಅಲ್ಲ, ವ್ಯಾಪಾರದ ಕಂಪನಿ. ನಮ್ಮ ಮಹಿಳಾ ಸಮಾಜ ಸಂಘಗಳ ನೋಂದಣಿ ಕಾಯ್ದೆಯಲ್ಲಿ, ಆ 1960ರ ಕಾಯ್ದೆಯಲ್ಲಿ ನೋಂದಾಯಿಸಿದ್ದು. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಲೇಬೇಕು, ಲೆಕ್ಕ ಓದಲೇಬೇಕು, ಪದಾಧಿಕಾರಿ ಸರಿಯಿಲ್ಲ ಅಂದರೆ ಕೈ ಎತ್ತಿ ಕೇಳಬಹುದು. ಬೆಂಗಳೂರಿನ ಹಳೆಯ ಕ್ಲಬ್ಬುಗಳೂ ಹಾಗೇ. ವಿಶ್ವೇಶ್ವರಯ್ಯನವರು 1917ರಲ್ಲಿ ಕಟ್ಟಿದ ಸೆಂಚುರಿ ಕ್ಲಬ್ ಆಗಲಿ, ಅಂಥ ಇನ್ನೊಂದಾಗಲಿ, ಬೀದಿಯಲ್ಲಿ ನಿಂತು "ಬನ್ನಿ ಇವತ್ತೇ ಸೇರಿ, ಡಿಸ್ಕೌಂಟು" ಅಂತ ಕರೆಯೋದಿಲ್ಲ. ಅಲ್ಲಿ ಸೇರೋದೇ ಕಷ್ಟ. ಇಲ್ಲಿ ನನಗೆ ಓಟಿಲ್ಲ, ಸಭೆಯಿಲ್ಲ, ಲೆಕ್ಕವಿಲ್ಲ. ಕಾರ್ಡಿನ ಮೇಲೆ ಸದಸ್ಯೆ ಅಂತ ಅಚ್ಚು ಹಾಕಿಸಿದ್ದರು. ನಾನು ಬರೀ ಗಿರಾಕಿ.

ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದೆವು. ಕನ್ನಡದಲ್ಲೇ ಮಾತಾಡಬಹುದು. ಅವರು ದೂರನ್ನು ಕಂಪನಿಗೆ ಕಳಿಸುತ್ತಾರೆ, ಆದರೆ ದುಡ್ಡು ಕೊಡಿಸುವ ಅಧಿಕಾರ ಅವರಿಗಿಲ್ಲ. ಕಂಪನಿಯಿಂದ ಬಂದ ಉತ್ತರ: "ಸೌಹಾರ್ದದಿಂದ ನಿಮ್ಮ ಸದಸ್ಯತ್ವವನ್ನು ಇನ್ನೂ ಆರು ತಿಂಗಳು ವಿಸ್ತರಿಸಿದ್ದೇವೆ." ಓದಿ ಮೈ ಉರಿದು ಹೋಯಿತು. ಈಗ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತಿದ್ದೇವೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕವೇ ಇಲ್ಲ. ವಕೀಲರು ಬೇಕೇಬೇಕು ಅಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನೀವು ವಾಸ ಇರುವ ಊರಿನಲ್ಲೇ ಹಾಕಬಹುದು, ಕಂಪನಿ ಆಫೀಸು ಎಲ್ಲಾದರೂ ಇರಲಿ. ಎರಡು ವರ್ಷದ ಒಳಗೆ ಹಾಕಬೇಕು. ಸುಳ್ಳು ಹೇಳಿ ಸೇವೆ ಮಾರೋದು ಆ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ. ಏಳನೇ ಪುಟದಲ್ಲಿ ಏನೇ ಬರೆದಿರಲಿ, ಅಲ್ಲಿಗೇ ಮುಗಿಯಿತು ಅಂತ ಹೆದರಬೇಡಿ. ನಾನು ಒಂದು ತಿಂಗಳು ಸುಮ್ನೆ ಹೆದರಿ ಕೂತಿದ್ದೆ.

ಒಂಟಿತನಕ್ಕೆ ದುಡ್ಡು ಕೊಡಲೇಬೇಕಿಲ್ಲ ಅಂತ ನನಗೆ ತಡವಾಗಿ ಗೊತ್ತಾಯಿತು. ಎನ್.ಆರ್. ಕಾಲೊನಿಯಲ್ಲಿ ಡಿ.ವಿ.ಜಿ. 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಇದೆ. ಈಗ ಅಲ್ಲಿ ಉಪನ್ಯಾಸ ಇದ್ದಾಗ ಹೋಗುತ್ತೇನೆ. ಬಾಗಿಲಲ್ಲಿ ಯಾರೂ ಕಾರ್ಡ್ ಕೇಳಲಿಲ್ಲ. ಎರಡನೇ ಸಲ ಹೋದಾಗ ಪಕ್ಕದಲ್ಲಿ ಕೂತವರು "ಯಾವೂರು ನಿಮ್ದು?" ಅಂದರು. ಹಿರಿಯೂರಿನವರಂತೆ. ಅವರ ಮನೆ ವಿಷಯ ಅವರೇನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ ಈಗ ಯಾರಾದರೂ ಬೇಗ ಹತ್ತಿರ ಬಂದರೆ ನನಗೆ ಭಯ. ಆ ಜನ ನನ್ನಿಂದ ಕಿತ್ತುಕೊಂಡಿದ್ದು ಬರೀ ದುಡ್ಡಲ್ಲ. ಕೈ ಹಿಡಿದವರನ್ನು ನಂಬೋದನ್ನೂ ಕಿತ್ತುಕೊಂಡರು.

ಮಲ್ಲೇಶ್ವರದ ಆ ಹಾಲ್‌ನಲ್ಲಿ ಹಸಿರು ಸೀರೆ ಉಟ್ಟು ಕೂತಿದ್ದ ಅಕ್ಕಾ, ಮಗ ಅಮೆರಿಕದಲ್ಲಿ ಇದ್ದಾನೆ ಅಂತ ನೀವು ಫೋನಿನಲ್ಲಿ ಅವರಿಗೆ ಹೇಳಿರುತ್ತೀರಿ. ನಾನು ನಿಮ್ಮಿಂದ ನಾಲ್ಕೇ ಹೆಜ್ಜೆ ಹಿಂದೆ ನಿಂತಿದ್ದೆ. ನಿಮ್ಮ ಕಾರ್ಡ್ ಇನ್ನೂ ನಿಮ್ಮ ಚೀಲದಲ್ಲೇ ಇತ್ತು. ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ನನ್ನ ನಾಚಿಕೆಯೇ ನನಗೆ ದೊಡ್ಡದಾಯಿತು. ಕ್ಷಮಿಸಿ. ಇದನ್ನು ಓದಿದರೆ ದಯವಿಟ್ಟು ನನಗೆ ಬರೆಯಿರಿ. ಒಂದೇ ರೀತಿ ಮೋಸ ಹೋದವರು ಆಯೋಗದ ಅನುಮತಿ ಪಡೆದು ಒಟ್ಟಿಗೆ ದೂರು ಕೊಡಬಹುದಂತೆ. ರಸೀದಿ, ಮೆಸೇಜು ಯಾವುದನ್ನೂ ಅಳಿಸಬೇಡಿ. ಬರುವಾಗ ಅವನ್ನು ತನ್ನಿ, ನನ್ನ ನೋಟ್‌ಬುಕ್ಕೂ ಇದೆ.